ಸಿವುಡು ಕಟ್ಟದ ಸಾಲು

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಚರ್ಚಿನ ಗಂಟೆ ಕೇಳುತ್ತಿತ್ತು, ಚರ್ಚು ಕಾಣುತ್ತಿರಲಿಲ್ಲ. ಸೆಪ್ಟೆಂಬರಿನ ಮಂಜು ನಮ್ಮ ಗ್ರಾಬೆನ್‌ಡೋರ್ಫಿಗೆ ಹೊಸದಲ್ಲ. ರಾತ್ರಿ ಹೊಳೆಯ ಕಡೆಯಿಂದ ಎದ್ದು ಬಂದು ಬೆಳಗಾಗುವಷ್ಟರಲ್ಲಿ ಕಲ್ಲುಬಯಲನ್ನೆಲ್ಲ ಹೊದ್ದು ಮಲಗುತ್ತದೆ. ಬಿಸಿಲು ಬಲಿತ ಮೇಲೆ ಮೊದಲು ಗೂಟಗಳು, ಆಮೇಲೆ ಬಳ್ಳಿಗಳು, ಕಡೆಗೆ ದೂರದ ಷ್ನೇಬೆರ್ಗ್ ಬೆಟ್ಟದ ನೆತ್ತಿ ಹೊರಗೆ ಬರುತ್ತವೆ. ಕೊಯ್ಲಿನವರು ಅದಕ್ಕೆಲ್ಲ ಕಾಯುವುದಿಲ್ಲ. ತಂಪಿನಲ್ಲಿ ಕೊಯ್ದ ಹಣ್ಣು ತೊಟ್ಟಿಯಲ್ಲಿ ಕಾವೇರುವುದಿಲ್ಲವೆಂದು ಲಿಯೊನ್‌ಹಾರ್ಡ್ ಆ ಮಂಜಿನಲ್ಲೇ ತನ್ನ ಆಳುಗಳನ್ನು ಸಾಲಿಗೆ ಇಳಿಸಿದ್ದ.

ನಮ್ಮಲ್ಲಿ ದ್ರಾಕ್ಷಿ ತೋಟಗಳ ನಡುವೆ ಬೇಲಿಯಿಲ್ಲ. ಒಬ್ಬರ ಕೊನೆಯ ಸಾಲು ಮುಗಿದು ಎರಡು ಹೆಜ್ಜೆ ಹಾಕಿದರೆ ಇನ್ನೊಬ್ಬರ ಮೊದಲ ಸಾಲು. ಹಾಗಾಗಿ ಹಣ್ಣಿಗೆ ಬಣ್ಣ ಬಂದ ಕೂಡಲೇ ಪ್ರತಿ ಮನೆಯವರೂ ತಮ್ಮ ಅಂಚಿನ ಸಾಲಿನ ಮೊದಲ ಕಂಬಕ್ಕೆ ಒಣಹುಲ್ಲಿನ ಒಂದು ಸಿವುಡು ಕಟ್ಟುತ್ತಾರೆ. ಇಲ್ಲಿಂದಾಚೆ ನಮ್ಮದು, ಕೈ ಹಾಕಬೇಡಿ ಎಂದು ಅದರ ಮಾತು. ಕೊಯ್ಯುವ ಆಳು ಎಲ್ಲಿಂದ ಬಂದವನೇ ಆಗಲಿ, ಕಂಬದ ಮೇಲೆ ಸಿವುಡು ಕಂಡರೆ ಕತ್ತರಿ ಕೆಳಗಿಡುತ್ತಾನೆ.

ಲಿಯೊನ್‌ಹಾರ್ಡನ ತೋಟಕ್ಕೆ ತಾಗಿದ್ದು ಮುದುಕ ಸೆವೆರಿನನ ತೋಟ. ಆ ವರ್ಷ ಸೆವೆರಿನ್ ಸಿವುಡು ಕಟ್ಟಿದ್ದ, ಆದರೆ ಅಂಚಿನ ಸಾಲಿಗಲ್ಲ. ಅದನ್ನು ಬಿಟ್ಟು ಒಳಗಿನ ಸಾಲಿಗೆ. ಅಂಚಿನ ಸಾಲನ್ನು ನವೆಂಬರಿನಲ್ಲಿ ಬೇರು ಸಮೇತ ಕೀಳಿಸುವುದೆಂದು ತೀರ್ಮಾನವಾಗಿತ್ತು. ಹೋಗುವ ಸಾಲಿಗೆ ಕಾವಲು ಯಾಕೆ ಎಂದುಕೊಂಡು ಅದನ್ನು ದಾಟಿ ನಡೆದಿದ್ದ. ಅವನ ಸೊಸೆ ನೋತ್‌ಬುರ್ಗಾ ಅದನ್ನು ನೋಡಿದ್ದಳು. ನೋಡಿ ತನ್ನ ಕೆಲಸಕ್ಕೆ ಹೋಗಿದ್ದಳು.

ಆ ಸಾಲು ನೆಟ್ಟವನು ಅವಳ ಗಂಡ ಕಿಲಿಯಾನ್. ಮದುವೆಗೆ ಮೊದಲು ಅವನು ಗುಡ್ಡದಾಚೆಯ ಮಠವೊಂದರ ತೋಟದಲ್ಲಿ ಕೆಲಸಕ್ಕಿದ್ದ. ಅಲ್ಲಿನ ಸಂನ್ಯಾಸಿಗಳು ನೆಲಮಾಳಿಗೆಯಲ್ಲಿ ಅವನಿಗೆ ಒಂದು ಲೋಟ ಕೆಂಪು ವೈನ್ ಕೊಟ್ಟಿದ್ದರಂತೆ. ಅದು ಸಂತ ಲಾರೆಂಟ್ ಎಂಬ ದ್ರಾಕ್ಷಿಯದು. ಆಗಸ್ಟಿನಲ್ಲಿ ಆ ಸಂತರ ಹಬ್ಬದ ಹೊತ್ತಿಗೆ ಕಪ್ಪಾಗತೊಡಗುತ್ತದೆಂದು ಆ ಹೆಸರು. ನಮ್ಮೂರಿನಲ್ಲಿ ಹೆಸರು ಕೇಳದವರಿರಲಿಲ್ಲ, ಬೆಳೆದವರೂ ಇರಲಿಲ್ಲ. ಎಲ್ಲ ಬಳ್ಳಿಗಳಿಗಿಂತ ಮೊದಲು ಚಿಗುರಿ ಏಪ್ರಿಲಿನ ಹಿಮಕ್ಕೆ ತಲೆ ಕೊಡುತ್ತದೆ. ಹೂ ಬಿಟ್ಟಾಗ ಒಂದು ಮಳೆ ಬಿದ್ದರೆ ಅರ್ಧ ಉದುರಿಸಿಕೊಂಡು ನಿಲ್ಲುತ್ತದೆ. ಪಕ್ಕದಲ್ಲೇ ಸ್ವೈಗೆಲ್ಟ್ ಎಂಬ ತಳಿ ಕೇಳಿದಷ್ಟು ಹಣ್ಣು ಕೊಡುವಾಗ ಇದರ ಸಹವಾಸ ಯಾರಿಗೆ ಬೇಕು? ಆದರೂ ಕಿಲಿಯಾನ್ ಮಠದಿಂದ ಕಡ್ಡಿಗಳನ್ನು ಬೇಡಿ ತಂದ, ಕಸಿ ಕಟ್ಟಿದ, ಅಪ್ಪನ ಕೈಕಾಲು ಹಿಡಿದು ಅಂಚಿನಲ್ಲಿ ಒಂದೇ ಒಂದು ಸಾಲು ನೆಟ್ಟ. ಅದು ಸರಿಯಾಗಿ ಫಲ ಹಿಡಿಯುವ ಮೊದಲೇ, ಒಂದು ಚಳಿಗಾಲ, ಜ್ವರ ಅವನನ್ನು ಕರೆದುಕೊಂಡು ಹೋಯಿತು.

ಆಮೇಲೆ ಆ ಸಾಲಿನ ನಾಲ್ಕು ಗೊಂಚಲು ಉಳಿದ ಹಣ್ಣಿನ ಜೊತೆ ಸೇರಿ ಸಹಕಾರಿ ಸಂಘದ ಗಾಣಕ್ಕೆ ಹೋಗುತ್ತಿತ್ತು. ಬೇರೆಯಾಗಿ ಹಿಂಡಿದವರಿಲ್ಲ. ಹಾಗಾಗಿ ಅದರ ವೈನ್ ಹೇಗಿರುತ್ತದೆಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೋತ್‌ಬುರ್ಗಾಳಿಗಂತೂ ಇಲ್ಲ. ಅವಳು ಪಡುವಣ ದಿಕ್ಕಿನ ಪಿಯರ್ ಹಣ್ಣಿನ ಸೀಮೆಯಿಂದ ಬಂದವಳು. ಅಲ್ಲಿ ಹಬ್ಬಕ್ಕೂ ಸಾವಿಗೂ ಪಿಯರ್ ರಸವನ್ನೇ ಹುಳಿ ಬರಿಸಿ ಕುಡಿಯುತ್ತಾರೆ.

ಪ್ರತಿ ವಸಂತದಲ್ಲೂ ಸೆವೆರಿನ್ ಕೀಳೋಣ ಎನ್ನುವನು, ಅವಳು ಇನ್ನೊಂದು ವರ್ಷ ನೋಡೋಣ ಎನ್ನುವಳು. ಈ ಸಲ ಜೂನಿನಲ್ಲಿ ಸರಿಯಾಗಿ ಹೂವಿನ ಮೇಲೆಯೇ ಮಳೆ ಹೊಡೆಯಿತು. ಗೊಂಚಲುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಸಂದು ಸಂದಾಗಿ ನಿಂತವು. ಇನ್ನೂ ಎಷ್ಟು ವರ್ಷ ಈ ಸಾಲಿಗೆ ಗೊಬ್ಬರ ಉಣ್ಣಿಸುವುದು ಎಂದು ಮುದುಕ ಊಟದ ಮೇಜಿನಲ್ಲಿ ಕೇಳಿದಾಗ ಅವಳು ತಟ್ಟೆಗಳನ್ನು ಒಟ್ಟುಮಾಡಿದಳು. ಆಗಲಿ ಎಂದಳು. ತೆರವಾದ ನೆಲದ ಪಟ್ಟಿಯನ್ನು ಟ್ರ್ಯಾಕ್ಟರ್ ತಿರುಗಿಸಿಕೊಳ್ಳಲು ಲಿಯೊನ್‌ಹಾರ್ಡನಿಗೆ ಬಿಡುವುದು, ಬದಲಿಗೆ ಅವನು ಒಂದು ಗಾಡಿ ಅಕೇಶಿಯಾ ಗೂಟ ಕೊಡುವುದು ಎಂದು ಮಾತಾಯಿತು. ಗೂಟಗಳು ಆಗಸ್ಟಿನಲ್ಲೇ ಬಂದು ಸೆವೆರಿನನ ಅಂಗಳದಲ್ಲಿ ಪೇರಿಸಿಕೊಂಡವು.

ಹೀಗಿರುವಾಗ ಆ ಮಂಜಿನ ಬೆಳಗು. ಲಿಯೊನ್‌ಹಾರ್ಡ್ ತೋಟದ ಆ ತುದಿಯಲ್ಲಿ ಟ್ರ್ಯಾಕ್ಟರಿನ ಬಳಿ ಇದ್ದ. ಆಳುಗಳು ಈ ತುದಿಯಲ್ಲಿ ಕೊಯ್ಯುತ್ತ ಬಂದರು. ಸಿವುಡು ಸಿಗುವವರೆಗೆ ಕೊಯ್ಯುವುದು ಅವರಿಗೆ ಗೊತ್ತಿದ್ದ ಲೆಕ್ಕ. ಸಿವುಡು ಸಿಕ್ಕಿತು, ನಿಲ್ಲಿಸಿದರು. ಮಂಜು ಹರಿದ ಮೇಲೆ ಲಿಯೊನ್‌ಹಾರ್ಡ್ ಬಂದು ನೋಡುತ್ತಾನೆ, ಕಿಲಿಯಾನನ ಸಾಲು ಬೋಳಾಗಿ ನಿಂತಿದೆ. ಕೊನೆಯ ತೊಟ್ಟಿಯಲ್ಲಿ ಸಣ್ಣ ಸಣ್ಣ ಸಡಿಲ ಗೊಂಚಲುಗಳು, ಮಸಿಯಷ್ಟು ಕಪ್ಪು. ಆ ತೊಟ್ಟಿಯನ್ನು ಬೇರೆ ಇಡಲು ಹೇಳಿ, ಟೋಪಿ ಕೈಗೆ ತೆಗೆದುಕೊಂಡು, ನೇರ ಸೆವೆರಿನನ ಮನೆಗೆ ನಡೆದ.

ನೋತ್‌ಬುರ್ಗಾ ಅಂಗಳದಲ್ಲಿ ಬಕೆಟ್ ತೊಳೆಯುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ.

"ಬುರ್ಗಿ, ಒಂದು ತಪ್ಪಾಗಿದೆ. ನಿಮ್ಮ ಸಾಲು ನನ್ನ ತೊಟ್ಟಿಗೆ ಬಂದುಬಿಟ್ಟಿದೆ."

"ಯಾವ ಸಾಲು?"

"ಕಿಲಿಯಾನ್ ನೆಟ್ಟಿದ್ದು."

ಅವಳು ಬಕೆಟ್ ಬೋರಲು ಹಾಕಿದಳು. "ಬೇರು ಸಮೇತ ಬಂತಾ? ಹಾಗಿದ್ರೆ ನಮ್ಮ ಮಾವನಿಗೆ ಒಂದು ಕೆಲಸ ಉಳೀತು."

ಅವನಿಗೆ ನಗು ಬರಲಿಲ್ಲ. ಹಣ್ಣನ್ನು ಈಗಲೇ ತಂದು ಇಳಿಸುತ್ತೇನೆ ಎಂದ. ಅವಳು ಬೇಡವೆಂದು ತಲೆಯಾಡಿಸಿದಳು. ಅವರ ಮನೆಯ ಕೊಯ್ಲಿಗೆ ಇನ್ನೂ ಎರಡು ವಾರವಿತ್ತು, ಸಂಘದವರು ಒಂದು ತೊಟ್ಟಿ ಹಣ್ಣಿಗೆ ಗಾಣದ ಬಾಗಿಲು ತೆಗೆಯುವುದಿಲ್ಲ, ಅಲ್ಲಿಯವರೆಗೆ ಅದು ಕೊಳೆಯುತ್ತದೆ. ನಿಮ್ಮದರ ಜೊತೆ ಹಿಂಡಿಕೊಂಡುಬಿಡಿ, ಹೇಗೂ ಹೋಗುವ ಸಾಲು ಎಂದಳು.

"ಅದಾಗಲ್ಲ," ಎಂದ ಲಿಯೊನ್‌ಹಾರ್ಡ್. "ಇನ್ನೊಬ್ಬರದ್ದು ನನ್ನ ಪೀಪಾಯೀಲಿ ಸೇರಿದ್ರೆ ಆಮೇಲೆ ಯಾವ ಗುಟುಕು ಯಾರದ್ದು ಅಂತ ನಾನು ಹೇಗೆ ಹೇಳಲಿ? ಬೇರೆ ಹಿಂಡಿ ಇಡ್ತೀನಿ. ನವೆಂಬರಿನಲ್ಲಿ ಸಂತ ಮಾರ್ಟಿನ್ ಹಬ್ಬಕ್ಕೆ ವೈನಾಗಿ ವಾಪಸ್ ತಂದುಕೊಡ್ತೀನಿ."

"ನಿಮ್ಮಿಷ್ಟ, ನೆರೆಯವರೇ," ಎಂದು ಅವಳು ಮುಂದಿನ ಬಕೆಟ್ ಎತ್ತಿಕೊಂಡಳು.

ಲಿಯೊನ್‌ಹಾರ್ಡ್ ಆ ಹಣ್ಣನ್ನು ಬೇರೆ ಇಟ್ಟದ್ದು ರುಚಿಯ ಆಸೆಗಲ್ಲ. ಅದು ಒಳ್ಳೆಯ ಹಣ್ಣೋ ಕೆಟ್ಟ ಹಣ್ಣೋ ಎಂದು ಅವನು ಒಂದನ್ನು ಬಾಯಿಗೆ ಹಾಕಿಯೂ ನೋಡಿರಲಿಲ್ಲ. ತನ್ನದಲ್ಲ ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು. ದೇವರು ಕೆಲವೊಮ್ಮೆ ಇಷ್ಟು ಕಿರಿದಾದ ಬಾಗಿಲಿನಿಂದಲೂ ಒಳಗೆ ಬರುತ್ತಾನೆ.

ಮನೆಯಲ್ಲಿ ಅವನ ಹೆಂಡತಿ ಅಪೊಲೋನಿಯಾ ಅವನನ್ನು ಸುಮ್ಮನೆ ಬಿಡಲಿಲ್ಲ. ನಮ್ಮ ಕೆಂಪು ವೈನನ್ನೇ ಅಳಿಯಂದಿರು ಎರಡನೇ ಲೋಟ ಕೇಳುವುದಿಲ್ಲ, ಅದನ್ನು ಬಿಟ್ಟು ಪಕ್ಕದ ಮನೆಯ ಒಂದು ತೊಟ್ಟಿಗೆ ದಿನಾ ಸೇವೆ ಮಾಡುತ್ತೀಯಲ್ಲ ಎಂದು ಕುಟುಕುತ್ತಿದ್ದಳು. ಆದರೂ ಅವನು ಬೆಳಗ್ಗೆ ಸಂಜೆ ನೆಲಮಾಳಿಗೆಗೆ ಇಳಿದು, ಉಬ್ಬಿ ಮೇಲೆ ಬಂದ ಸಿಪ್ಪೆಯನ್ನು ಕೈಯಿಂದಲೇ ರಸಕ್ಕೆ ಒತ್ತಿ ಬರುತ್ತಿದ್ದ. ಹುದುಗು ಇಳಿದ ಮೇಲೆ ಹಿಂಡಿ, ಮಾವನ ಕಾಲದ ಒಂದು ಪುಟ್ಟ ಓಕ್ ಪೀಪಾಯಿಗೆ ತುಂಬಿಸಿ, ಸೀಮೆಸುಣ್ಣದಲ್ಲಿ ಸೆವೆರಿನನ ಮನೆಯ ಗುರುತು ಬರೆದ. ಆಮೇಲೆ ತನ್ನ ದೊಡ್ಡ ಪೀಪಾಯಿಗಳ ಗದ್ದಲದಲ್ಲಿ ಅದನ್ನು ಮರೆತ.

ನವೆಂಬರ್ ಬಂತು. ಸಕಲ ಆತ್ಮಗಳ ದಿನ ಊರೆಲ್ಲ ಸಮಾಧಿಗಳ ಬಳಿ ಸೇರುತ್ತದೆ. ನೋತ್‌ಬುರ್ಗಾ ಗಂಡನ ಸಮಾಧಿಗೆ ಸೇವಂತಿಗೆ ಇಟ್ಟು, ಕೆಂಪು ಗಾಜಿನ ದೀಪ ಹಚ್ಚಿ ನಿಂತಿದ್ದಳು. ಪಕ್ಕದಲ್ಲಿ ಸೆವೆರಿನ್ ಟೋಪಿ ತೆಗೆದು ನಿಂತಿದ್ದ. ಗುರುಗಳು ಪವಿತ್ರ ಜಲ ಚಿಮುಕಿಸಿ ಮುಂದೆ ಹೋದ ಮೇಲೆ ಲಿಯೊನ್‌ಹಾರ್ಡ್ ಅವರನ್ನು ಮಾತಾಡಿಸಿದ. ಗುರುವಾರ ಸಾಲು ಕೀಳುವುದಾಗಿ ಮುದುಕ ತಿಳಿಸಿದ. ನಿನ್ನ ಟ್ರ್ಯಾಕ್ಟರಿಗೆ ಈ ಚಳಿಗಾಲವೇ ತಿರುಗಲು ಜಾಗ ಸಿಗುತ್ತದೆ ಎಂದು ಅವನ ಭುಜ ತಟ್ಟಿದ. ನೋತ್‌ಬುರ್ಗಾ ದೀಪದ ಬತ್ತಿ ಸರಿ ಮಾಡುತ್ತಿದ್ದಳು. ಅದು ಸರಿಯಾಗಿಯೇ ಉರಿಯುತ್ತಿತ್ತು.

ಅಲ್ಲಿಂದ ಮನೆಗೆ ಬಂದ ಲಿಯೊನ್‌ಹಾರ್ಡ್ ಪುಟ್ಟ ಪೀಪಾಯಿಯನ್ನು ನೆನಪಿಸಿಕೊಂಡ. ಹಬ್ಬಕ್ಕೆ ಕೊಡುವ ಮೊದಲು ಹುಳಿಯಾಗಿಲ್ಲ ತಾನೆ ಎಂದು ನೋಡಬೇಕಿತ್ತು. ಗಾಜಿನ ಕೊಳವೆಯಿಂದ ಒಂದಿಷ್ಟು ಎಳೆದು ಲೋಟಕ್ಕೆ ಬಿಟ್ಟ. ಕಿಟಕಿಯ ಬೆಳಕಿಗೆ ಹಿಡಿದರೆ ಬೆಳಕು ದಾಟುತ್ತಿರಲಿಲ್ಲ. ಕುಡಿದ. ಹುಳಿ ಚೆರ್ರಿಯ ರುಚಿ, ಅದರ ಹಿಂದೆ ಮಳೆ ನಿಂತ ಕಾಡಿನ ವಾಸನೆ, ಅದೂ ಹೋದ ಮೇಲೆ ನಾಲಿಗೆಯ ಮೇಲೆ ಏನೋ ಮೃದುವಾದದ್ದು ಬಹಳ ಹೊತ್ತು ಉಳಿಯಿತು. ಇನ್ನೂ ಎಳೆಯ ವೈನ್, ಅಂಚು ಒರಟು. ಆದರೂ ಲಿಯೊನ್‌ಹಾರ್ಡ್ ಪೀಪಾಯಿಯ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನ ನೆಲಮಾಳಿಗೆಯಲ್ಲಿ, ಅವನ ಅಪ್ಪನ ಕಾಲದಿಂದಲೂ, ಇಂಥದ್ದು ಆಗಿರಲಿಲ್ಲ. ಹೂವಿನಲ್ಲಿ ಮಳೆ ಹೊಡೆದು ಅರ್ಧ ಕಾಯಿ ಉದುರಿದ್ದಕ್ಕೇ ಉಳಿದ ಅರ್ಧಕ್ಕೆ ಬಳ್ಳಿಯ ಸತ್ವವೆಲ್ಲ ಇಳಿದಿತ್ತು. ಸಡಿಲ ಗೊಂಚಲಾದ್ದಕ್ಕೇ ಮಂಜಿನಲ್ಲೂ ಕೊಳೆಯದೆ ನಿಂತಿತ್ತು. ಮುದುಕ ಬೈಯುತ್ತಿದ್ದ ದೋಷಗಳೇ ಅವು.

ಮೇಲೆ ಬಂದಾಗ ಅಪೊಲೋನಿಯಾ ಅವನ ಮುಖ ನೋಡಿ ಏನಾಯಿತೆಂದಳು. ಅವನು ಲೋಟ ಕೊಟ್ಟ. ಅವಳು ಕುಡಿದು, ಲೋಟದ ತಳ ನೋಡಿ, ಮತ್ತೆ ಕುಡಿದಳು.

"ಇದು ನಮ್ಮದಾ?"

"ಅಲ್ಲ."

"ಅದೇ ಅಂದುಕೊಂಡೆ," ಎಂದಳು.

ಹೇಳಬೇಕಾದ್ದು ಇಷ್ಟೇ ಇತ್ತು: ಗುರುವಾರದ ಮೊದಲು ಆ ಮನೆಯವರು ಇದನ್ನು ಕುಡಿಯಬೇಕು. ಹೇಳದಿದ್ದರೂ ಲಿಯೊನ್‌ಹಾರ್ಡ್ ಮಾತಿಗೆ ತಪ್ಪಿದಂತಾಗುತ್ತಿರಲಿಲ್ಲ. ಅವನು ಕೊಟ್ಟ ಮಾತು ಸಂತ ಮಾರ್ಟಿನ್ ಹಬ್ಬಕ್ಕೆ. ಹಬ್ಬ ಗುರುವಾರದ ನಂತರ ಬರುತ್ತಿತ್ತು. ಹಬ್ಬಕ್ಕೆ ಪೀಪಾಯಿ ಕೊಟ್ಟರೆ ಋಣ ತೀರುತ್ತಿತ್ತು, ಸಾಲು ಹೋಗಿರುತ್ತಿತ್ತು, ಪಟ್ಟಿ ಅವನಿಗೆ ಬಂದಿರುತ್ತಿತ್ತು. ಟ್ರ್ಯಾಕ್ಟರನ್ನು ಆ ತುದಿಯಲ್ಲಿ ಹಿಂದೆ ಮುಂದೆ ಎಳೆದಾಡಿ ತಿರುಗಿಸುತ್ತ ಅವನ ಸೊಂಟ ಬಿದ್ದುಹೋಗಿತ್ತು. ಆ ಪಟ್ಟಿಯನ್ನು ಅವನು ಎಷ್ಟೋ ವರ್ಷದಿಂದ ಕೇಳುತ್ತ ಬಂದಿದ್ದ.

ಮರುದಿನ ಅವನು ಏನೂ ಮಾಡಲಿಲ್ಲ. ಅದರ ಮರುದಿನವೂ ಮಾಡಲಿಲ್ಲ. ಸಂಜೆ ಜಪಮಾಲೆ ಹಿಡಿದು ಕೂತರೆ ಬೆರಳು ಒಂದೇ ಮಣಿಯ ಮೇಲೆ ನಿಂತು, ಪಕ್ಕದಲ್ಲಿ ಕೂತ ಅಪೊಲೋನಿಯಾ ಮುಂದಿನ ಪ್ರಾರ್ಥನೆಗೆ ಹೋಗಿರುತ್ತಿದ್ದಳು. ಬುಧವಾರ ಅವಳು ಮಾಲೆ ಮಡಿಚಿಟ್ಟಳು.

"ನಾಳೆ ನಿನ್ನ ಹೆಸರಿನ ಸಂತರ ದಿನ. ಏನು ಬೇಕು ನಿನಗೆ? ಕೇಕ್ ಮಾಡಲಾ?"

"ಏನೂ ಬೇಡ."

"ಟ್ರ್ಯಾಕ್ಟರ್ ತಿರುಗಿಸೋಕೆ ಜಾಗ ಬೇಕೇನೋ."

ಅವನು ತನ್ನ ಮಾಲೆಯನ್ನು ಜೇಬಿಗೆ ಹಾಕಿಕೊಂಡ.

"ಅಲ್ಲ ಮಾರಾಯಾ, ಒಂದು ತೊಟ್ಟಿ ಹಣ್ಣು ಬೆರೆಸೋಕೆ ಆಗಲ್ಲ ಅಂತ ನನ್ನ ತಲೆ ತಿಂದವನು ನೀನು. ಹಣ್ಣು ಅವರದ್ದು ಅಂತ ಬೇರೆ ಇಟ್ಟೆ. ಅದರ ಸುದ್ದಿ ಮಾತ್ರ ನಿನ್ನದಾ?"

ಗುರುವಾರ ಬೆಳಗ್ಗೆ ಸೆವೆರಿನ್ ಟ್ರ್ಯಾಕ್ಟರನ್ನು ಸಾಲಿನ ತಲೆಗೆ ತಂದು ನಿಲ್ಲಿಸಿದ್ದ. ತಂತಿಗಳನ್ನು ಹಿಂದಿನ ದಿನವೇ ಬಿಚ್ಚಿ ಸುತ್ತಿಟ್ಟಿದ್ದರು. ನೋತ್‌ಬುರ್ಗಾ ಮೊದಲ ಬಳ್ಳಿಯ ಬುಡಕ್ಕೆ ಸರಪಳಿ ಸುತ್ತುತ್ತಿದ್ದಳು. ಆ ಕೆಲಸವನ್ನು ಬೇರೆಯವರ ಕೈಗೆ ಕೊಡಲು ಅವಳು ಒಪ್ಪಿರಲಿಲ್ಲ. ಆಗ ದಾರಿಯಲ್ಲಿ ಕೈಗಾಡಿಯ ಚಕ್ರದ ಕಿರಿಗುಟ್ಟುವ ಸದ್ದು. ಗಾಡಿಯಲ್ಲಿ ಪುಟ್ಟ ಪೀಪಾಯಿ, ಅದರ ಮೇಲೆ ಬೋರಲು ಹಾಕಿದ ಮೂರು ಲೋಟ, ಹಿಂದೆ ಬೆವರುತ್ತ ಲಿಯೊನ್‌ಹಾರ್ಡ್.

"ಹಬ್ಬ ಇನ್ನೂ ಬಂದಿಲ್ಲವಲ್ಲಯ್ಯಾ," ಎಂದ ಸೆವೆರಿನ್. "ನಿನ್ನ ಮನೇಲಿ ಕ್ಯಾಲೆಂಡರ್ ಇಲ್ವಾ?"

"ಇದೆ. ಅದಕ್ಕೇ ಬೇಗ ಬಂದೆ."

ಅವನು ಮೊದಲ ಲೋಟವನ್ನು ನೋತ್‌ಬುರ್ಗಾಳಿಗೆ ಕೊಟ್ಟ. ಅವಳು ಸರಪಳಿ ಬಿಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ತೆಗೆದುಕೊಂಡಳು. ಅವಳಿಗೆ ವೈನಿನ ಭಾಷೆ ಬರುತ್ತಿರಲಿಲ್ಲ. ಚೆರ್ರಿ, ಕಾಡು ಎಂದೆಲ್ಲ ಹೇಳುವ ಅಭ್ಯಾಸವಿರಲಿಲ್ಲ. ಒಂದು ಗುಟುಕು ಕುಡಿದು ಸಾಲಿನ ಉದ್ದಕ್ಕೂ ಒಮ್ಮೆ ನೋಡಿದಳು. ಇನ್ನೊಂದು ಗುಟುಕು ಕುಡಿದಳು.

"ಇದಕ್ಕೇನಾ ಅವರು ಅಷ್ಟು ಹಟ ಮಾಡಿದ್ದು," ಎಂದಳು. ಆ ಮಾತನ್ನು ಅವಳು ಇಬ್ಬರಲ್ಲಿ ಯಾರಿಗೂ ಹೇಳಲಿಲ್ಲ.

ಸೆವೆರಿನ್ ಲೋಟವನ್ನು ಮೂಗಿನ ಬಳಿ ಹಿಡಿದು ಬಹಳ ಹೊತ್ತು ನಿಂತ. ಕುಡಿದ. ಬಾಯೊಳಗೆ ತಿರುಗಿಸಿ ನುಂಗಿದ.

"ನಿನ್ನ ಹಣ್ಣು ಎಷ್ಟು ಸೇರಿಸಿದ್ದೀಯಾ?"

"ಒಂದೂ ಇಲ್ಲ."

"ಸುಳ್ಳು ಹೇಳಬೇಡ."

"ನನ್ನ ಹಣ್ಣು ಸೇರಿಸಿದ್ರೆ ಹೀಗಿರ್ತಿತ್ತಾ? ನನ್ನ ವೈನ್ ನೀವು ಕುಡಿದಿದ್ದೀರಲ್ಲ."

ಮುದುಕ ಅದಕ್ಕೆ ವಾದ ಹೂಡಲಿಲ್ಲ. ಅದೊಂದು ಊರಿಗೇ ಗೊತ್ತಿದ್ದ ಸತ್ಯ. ಲೋಟ ಮುಂದೆ ಚಾಚಿದ. ಲಿಯೊನ್‌ಹಾರ್ಡ್ ಮತ್ತೆ ತುಂಬಿಸಿದ. ಅದನ್ನೂ ಕುಡಿದು ಮುಗಿಸಿದ. ಆಮೇಲೆ ಸೆವೆರಿನ್ ತಲೆ ಬಗ್ಗಿಸಿ, ಬೂಟಿನ ತುದಿಯಿಂದ ನೆಲ ಕೆದಕಿದ.

"ನೆಲ ಒದ್ದೆಯಾಗಿದೆ," ಎಂದ. "ಈವತ್ತು ಟ್ರ್ಯಾಕ್ಟರ್ ಹೂತುಕೊಳ್ಳುತ್ತೆ. ಬುರ್ಗಿ, ಸರಪಳಿ ಬಿಚ್ಚಮ್ಮ."

ನಮ್ಮ ಬಯಲಿನ ನೆಲ ಬರೀ ಬೆಣಚುಕಲ್ಲು. ಸುರಿದ ನೀರು ಸುರಿದ ಹಾಗೇ ಇಂಗಿಹೋಗುತ್ತದೆ. ಅಲ್ಲಿ ಟ್ರ್ಯಾಕ್ಟರ್ ಹೂತುಕೊಂಡದ್ದನ್ನು ಊರಿನಲ್ಲಿ ಯಾರೂ ಕಂಡವರಿಲ್ಲ, ಅಂದು ಮಳೆಯೂ ಬಂದಿರಲಿಲ್ಲ. ನೋತ್‌ಬುರ್ಗಾ ಬಗ್ಗಿ ಸರಪಳಿ ಬಿಚ್ಚಿದಳು. ಬಿಚ್ಚುವುದಕ್ಕೆ ಕಟ್ಟುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಸಂತ ಮಾರ್ಟಿನ್ ಹಬ್ಬದ ದಿನ ಚರ್ಚಿನಲ್ಲಿ ಹೊಸ ದ್ರಾಕ್ಷಾರಸಕ್ಕೆ ಆಶೀರ್ವಾದ ಮಾಡುವಾಗ ಬೇರೆಯವರ ಪೀಪಾಯಿಗಳ ಪಕ್ಕದಲ್ಲಿ ಆ ಪುಟ್ಟ ಪೀಪಾಯಿಯೂ ಇತ್ತು. ಗುರುಗಳು ಪ್ರತಿಯೊಂದರಿಂದಲೂ ಒಂದು ಗುಟುಕು ತೆಗೆದುಕೊಳ್ಳುವುದು ರೂಢಿ. ಅದರ ಬಳಿ ಬಂದು ಕುಡಿದವರು ಪುಸ್ತಕದ ಹಾಳೆ ತಿರುವುವುದನ್ನು ಮರೆತು, ಇದು ಯಾರದ್ದು ಎಂದು ಕೇಳಿದರು. ಲಿಯೊನ್‌ಹಾರ್ಡನ ಪೀಪಾಯಿ, ಸೆವೆರಿನನ ಗುರುತು. ಜನ ಇಬ್ಬರ ಮುಖವನ್ನೂ ನೋಡಿದರು. ಲಿಯೊನ್‌ಹಾರ್ಡ್ ತಲೆ ತಗ್ಗಿಸಿ ತನ್ನ ಟೋಪಿಯ ಅಂಚು ನೋಡುತ್ತಿದ್ದ. ಸೆವೆರಿನ್ ಒಂದು ಹೆಜ್ಜೆ ಮುಂದೆ ಬಂದ.

"ನನ್ನ ಮಗ ಕಿಲಿಯಾನನದ್ದು," ಎಂದ.

ಬಾಗಿಲಾಚೆ ಬಂದ ಮೇಲೆ ಸಂಘದ ಇಬ್ಬರು ನೋತ್‌ಬುರ್ಗಾಳನ್ನು ಹಿಡಿದು ನಿಲ್ಲಿಸಿ, ಫೆಬ್ರವರಿಯಲ್ಲಿ ಬಳ್ಳಿ ಸವರುವಾಗ ತಮಗೂ ಕಡ್ಡಿ ಕೊಡಬೇಕೆಂದು ಕೇಳಿದರು. ಕೊಡುತ್ತೇನೆ, ಆದರೆ ಮೊದಲ ಕಟ್ಟು ಲಿಯೊನ್‌ಹಾರ್ಡ್ ಅವರಿಗೆ ಎಂದಳು. ನನ್ನ ತೋಟದಲ್ಲಿ ಅದನ್ನು ಎಲ್ಲಿ ನೆಡಲಿ ಎಂದು ಅವನು ಕೇಳಿದ್ದಕ್ಕೆ ಅಪೊಲೋನಿಯಾ, ನೀನು ಟ್ರ್ಯಾಕ್ಟರ್ ತಿರುಗಿಸುವ ತುದಿಯಲ್ಲಿ ನೆಡು, ಹೇಗೂ ಅಲ್ಲಿ ನಿನಗೆ ಒದ್ದಾಡಿ ಅಭ್ಯಾಸವಾಗಿದೆ ಎಂದಳು. ಆ ದಿನ ಎಲ್ಲರ ಮನೆಯಲ್ಲೂ ಬಾತುಕೋಳಿ ಬೇಯುತ್ತಿತ್ತು. ಮಾತು ಬೇಗ ಮುಗಿಯಿತು.

ಪಟ್ಟಿಯ ವಿಷಯ ಯಾರೂ ಎತ್ತಲಿಲ್ಲ. ಮರುದಿನ ಬೆಳಗ್ಗೆ ಮತ್ತೆ ಮಂಜು ಕವಿದಿತ್ತು. ಅಪೊಲೋನಿಯಾ ಕೋಳಿಗಳನ್ನು ಬಿಡಲು ಹಿಂಬಾಗಿಲು ತೆರೆದಾಗ ಅಂಗಳದಲ್ಲಿ ಮರಕ್ಕೆ ಮರ ತಾಗುವ ಸದ್ದು ಕೇಳಿ ಗಂಡನನ್ನು ಕರೆದಳು. ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದರು. ಮಂಜಿನೊಳಗೆ ಗೋಡೆಯ ಪಕ್ಕದಲ್ಲಿ ಸೆವೆರಿನ್ ಒಬ್ಬನೇ, ಪಟ್ಟಿಗೆ ಬದಲಾಗಿ ಪಡೆದಿದ್ದ ಅಕೇಶಿಯಾ ಗೂಟಗಳನ್ನು ತನ್ನ ಗಾಡಿಯಿಂದ ಇಳಿಸಿ, ಆಗಸ್ಟಿಗೆ ಮೊದಲು ಅವು ಇದ್ದ ಜಾಗದಲ್ಲೇ, ಚೂಪು ತುದಿ ಒಂದೇ ಕಡೆಗೆ ಬರುವಂತೆ ಪೇರಿಸುತ್ತಿದ್ದ. ಲಿಯೊನ್‌ಹಾರ್ಡ್ ಕೈಹಾಕಲು ಹೊರಟಾಗ ಅಪೊಲೋನಿಯಾ ಅವನ ತೋಳು ಹಿಡಿದಳು. ಮುದುಕ ಕೊನೆಯ ಗೂಟವನ್ನೂ ಇಟ್ಟು, ಜಾರದ ಹಾಗೆ ಅಂಗೈಯಿಂದ ಒಮ್ಮೆ ಒತ್ತಿ ನೋಡಿ, ಇವರತ್ತ ಟೋಪಿ ತುಸು ಎತ್ತಿ, ಖಾಲಿ ಗಾಡಿಯನ್ನು ದಾರಿಗೆ ತಿರುಗಿಸಿದ.